ಆಯಿ ಮೈಮೇಲೆ ಬಂದಿದ್ದಳು ಎಂಬ ವಾದ

ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ತೀರಿಕೊಂಡ ದಿನ ಹೆಂಗಸರ ನಡುವೆ ಕುಳಿತು ಹಾಡಿ ಹಾಡಿ ಅತ್ತವನು ನನ್ನ ಅಣ್ಣನಲ್ಲವಂತೆ. ಅವನ ಮೈಮೇಲೆ ಆಯಿಯೇ ಬಂದಿದ್ದಳಂತೆ. ಕಂಠ ಅವಳದೇ, ಮಾತು ಅವಳದೇ, ಕೈ ಬೀಸುವ ರೀತಿಯೂ ಅವಳದೇ.

ಸರಿ, ಒಂದೊಂದಾಗಿ ನೋಡೋಣ. ಆಗಷ್ಟೇ ಸತ್ತ ಮುದುಕಿ, ಗೋಡೆಗೆ ಒರಗಿಸಿ ಕೂರಿಸಿದ್ದ ತನ್ನದೇ ದೇಹದ ಮುಂದೆ ಕುಳಿತು ತನಗಾಗಿ ತಾನೇ ಯಾಕೆ ಅಳಬೇಕು? ಬದುಕಿದ್ದಾಗ ಒಂದು ದಿನವೂ ತನ್ನ ಬಗ್ಗೆ ಒಳ್ಳೆಯ ಮಾತು ಆಡಿಕೊಳ್ಳದವಳು, ತನ್ನನ್ನು ಹೊಗಳಿಕೊಳ್ಳಲು ಮೊಮ್ಮಗನ ಬಾಯಿ ಹುಡುಕಿಕೊಂಡು ಬಂದಳೇ? ಬರುವುದೇ ಆಗಿದ್ದರೆ, ಸುತ್ತ ಕುಳಿತಿದ್ದ ಅಷ್ಟು ಹೆಂಗಸರನ್ನು ಬಿಟ್ಟು, ಆಗತಾನೇ ಬಸ್ಸಿಳಿದು ಓಡಿ ಬಂದ ಇಪ್ಪತ್ತಾರು ವರ್ಷದ ಗಂಡಸನ್ನೇ ಯಾಕೆ ಆರಿಸಿಕೊಂಡಳು? ಇದನ್ನು ಕೇಳಿದರೆ, "ಆಯಿಗಿ ಅವನ ಮ್ಯಾಲ ಭಾಳ ಜೀವ ಇತ್ತವಾ" ಅನ್ನುತ್ತಾರೆ. ಇತ್ತು, ಒಪ್ಪಿದೆ. ಅವನಿಗೂ ಅವಳ ಮೇಲೆ ಜೀವ ಇತ್ತಲ್ಲ? ಒಬ್ಬ ಮನುಷ್ಯ ಅಳುವುದಕ್ಕೆ ಅಷ್ಟು ಸಾಲದೇ?

ನಮ್ಮಲ್ಲಿ ಸಾಲುವುದಿಲ್ಲ. ಗಂಡಸು ಅತ್ತರೆ ಅದಕ್ಕೊಂದು ಬೇರೆ ಕಾರಣ ಬೇಕು.

ಇಷ್ಟೆಲ್ಲ ಕೇಳುವ ನಾನು ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಈ ಕಥೆಯನ್ನು ಕಟ್ಟಿದವನು ನನ್ನ ದೊಡ್ಡಪ್ಪ. ಅದನ್ನು ಗೆಲ್ಲಿಸಿದವಳು ನಾನು.

ನಮ್ಮದು ಸುರಪುರದ ಗುಡ್ಡದ ಕೆಳಗಿನ ಓಣಿ, ಕುರಿ ಸಾಕುವ ಮನೆತನ. ನಾವು ಸಣ್ಣವರಿದ್ದಾಗ ಅಪ್ಪ, ಅವ್ವ ವರ್ಷದ ಆರೇಳು ತಿಂಗಳು ಹಿಂಡಿನ ಜೊತೆ ಊರೂರು ತಿರುಗುತ್ತಿದ್ದರು. ಅಣ್ಣ ಮತ್ತು ನಾನು ಆಯಿಯ ಹತ್ತಿರ ಬೆಳೆದವರು. ಆಯಿಗೆ ಊರಿನಲ್ಲಿ ಒಂದು ಹೆಸರಿತ್ತು. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವಳಿಗೆ ಕರೆ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಯಾವ ಹೊಲದಲ್ಲಿ ಬೆವರು ಸುರಿಸಿದರು, ಯಾರಿಗೆ ಬಾಣಂತನ ಮಾಡಿದರು, ಯಾವ ಹಟಕ್ಕೆ ಯಾರ ಮನೆ ನೀರು ಬಿಟ್ಟರು, ಎಲ್ಲವೂ ರಾಗಕ್ಕೆ ಬರುತ್ತದೆ. ಕೇಳಿದವರಿಗೆ ಸತ್ತವರು ಎದ್ದು ಓಡಾಡಿದಂತೆ ಆಗಬೇಕು. ಅದು ಆಯಿಗೆ ಬರುತ್ತಿತ್ತು. ಎಂಥ ಜಿಪುಣನ ಹೆಣದ ಮುಂದೆ ಕುಳಿತರೂ ಅವನ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತು ಹುಡುಕಿ ತೆಗೆಯುತ್ತಿದ್ದಳು. ಸುಳ್ಳು ಹಾಡುತ್ತಿರಲಿಲ್ಲ.

ಅಣ್ಣ ಎಂಟು ಒಂಬತ್ತು ವರ್ಷದವನಾಗುವವರೆಗೂ ಅವಳ ಸೆರಗು ಹಿಡಿದು ಆ ಸಾವಿನ ಮನೆಗಳಿಗೆಲ್ಲ ಹೋದವನು. ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳಿಸಿಕೊಂಡವನು. ಆಮೇಲೆ ದೊಡ್ಡಪ್ಪ, "ಗಂಡು ಹುಡುಗನ್ನ ಹೆಂಗಸರಾಗ ಕುಂದರಸಬ್ಯಾಡ" ಎಂದು ಬಿಡಿಸಿದ. ಅಷ್ಟರಲ್ಲಿ ಕಲಿಯುವುದು ಮುಗಿದಿತ್ತು. ಕುರಿಯ ಉಣ್ಣೆ ಕತ್ತರಿಸುವಾಗ ಅಣ್ಣ ಅದೇ ರಾಗಗಳನ್ನು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದ. ಆಯಿ ದೂರದಿಂದ, "ಅಲ್ಲಿ ಎಳೀಬ್ಯಾಡ, ಇಳಿಸು" ಎಂದು ತಿದ್ದುತ್ತಿದ್ದಳು. ನಾನು ಇದನ್ನು ನೂರು ಸಲ ಕೇಳಿದ್ದೇನೆ. ಮುಂದಿನ ಮಾತಿಗೆ ಇದು ಬೇಕು.

ಆಯಿ ಹೋಗಿದ್ದು ಒಂದು ಬೆಳಿಗ್ಗೆ. ಅಣ್ಣ ಆಗ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದೇವಾಪುರದ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು, ಐದಾರು ವಾರ ಉಳಿದಿತ್ತು. ಅವನು ಬಂದು ಮುಟ್ಟುವಷ್ಟರಲ್ಲಿ ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲೆ ಇದ್ದರು. ಕುಣಿ ತೋಡುವವರು ಯಾರು, ಯಾವ ಊರಿಗೆ ಫೋನು ಹೋಗಿಲ್ಲ, ಇವೇ ಮಾತು. ಅಪ್ಪ ಯಾರ ಮುಖವನ್ನೂ ನೋಡದೆ ಒಂದು ಸಲಿಕೆಯ ಹಿಡಿಕೆಯನ್ನು ಕಲ್ಲಿನಿಂದ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದ. ಅದು ಮೊದಲೇ ಗಟ್ಟಿ ಇತ್ತು.

ಒಳಗೆ ಹೆಂಗಸರಿಗೆ ಹಾಡು ಹತ್ತುತ್ತಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಆಯಿಯ ಹಿಂದೆ ದನಿ ಸೇರಿಸಿದವರೇ, ಮುಂದೆ ಹಾಡಿದವರಲ್ಲ. ಎರಡು ಸಾಲು ಎಳೆದು ನಿಂತುಬಿಡುತ್ತಿದ್ದರು. ಎದುರು ಮನೆಯ ಮುದುಕಿಗೆ ಸಿಟ್ಟು ಬಂತು. "ಊರಿಗೂರನ್ನ ಹಾಡಿ ಕಳಿಸಿದಾಕಿನ್ನ ಮೂಕಾಗಿ ಕಳಸ್ತೀರೇನ್ರೇ? ಯಾರಿಗೂ ಬಾಯಿಲ್ಲೇನು?"

ಅಣ್ಣ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋದ. ಆಯಿಯ ಕಾಲ ಹತ್ತಿರ ಕುಳಿತ. ಹಾಡಿದ.

"ಹೊಳಿದಂಡಿ ಹುಲ್ಲಿಗಿ ಹಿಂಡ ಹೊಡದಾಕಿ, ನನ ಆಯಿ, ಮರಿ ಹೊತ್ತ ಹೆಗಲಿಗಿ ನನ್ನೂ ಹೊತ್ತಾಕಿ..." ಹೀಗೆ ಶುರುವಾಯಿತು. ಬಿಸಿಲಿಗೆ ಸೆರಗು ಹರಿದು ಅರ್ಧ ಅವನ ತಲೆಗೆ, ಅರ್ಧ ಮರಿಯ ತಲೆಗೆ ಕಟ್ಟಿದ್ದು. ನನಗೆ ಮೈತುಂಬ ಅಮ್ಮನ ಗುಳ್ಳೆ ಎದ್ದಾಗ ಬೇವಿನ ಸೊಪ್ಪು ಹಿಡಿದು ಮೂರು ದಿನ ಕಣ್ಣು ಮುಚ್ಚದೆ ಕುಳಿತದ್ದು. ತಪ್ಪು ರಾಗ ಎಳೆದರೆ ರೊಟ್ಟಿ ಬಡಿಯುವ ಕೈಯಿಂದಲೇ ತಲೆಗೆ ಮೊಟಕಿದ್ದು. ಹೆಂಗಸರು ದನಿ ಸೇರಿಸಿದರು. ಎದುರು ಮನೆಯ ಮುದುಕಿ ಅವನ ಭುಜ ಹಿಡಿದುಕೊಂಡು ಅತ್ತಳು. ಹತ್ತು ನಿಮಿಷವಾದರೂ ಆಗಿರಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಏನನ್ನಿಸಿತು ಎಂದು ಪ್ರಾಮಾಣಿಕವಾಗಿ ಹೇಳುವುದಾದರೆ, ನಾಚಿಕೆ. ಕಟ್ಟೆಯಿಂದ ಯಾರೋ ಕಿಸಕ್ಕನೆ ನಕ್ಕರು, ಇನ್ನೊಬ್ಬ ಕಿಟಕಿಯಿಂದ ಮೊಬೈಲ್ ಹಿಡಿದಿದ್ದ. ನಾನು ಮೊಬೈಲ್ ಹಿಡಿದವನಿಗೆ ಬೈಯಲಿಲ್ಲ. ಅಣ್ಣ ಬೇಗ ಮುಗಿಸಲಿ ಎಂದುಕೊಂಡೆ.

ದೊಡ್ಡಪ್ಪ ಒಳಗೆ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದ. "ಏಳಲೇ ಭಾಡ್ಯಾ! ಹೊರಗ ಮಂದಿ ಕುಂತಾರ. ಕೈಗೆ ಬಳಿ ಇಡಸ್ಲೇನು ನಿನಗ?"

ಅಣ್ಣ ಎದ್ದು ಹೊರಗೆ ಹೋಗಿ ಸಲಿಕೆ ಹಿಡಿದ. ಅಪ್ಪ ಅವನಿಗೆ ಜಾಗ ಬಿಟ್ಟುಕೊಟ್ಟ.

ಇದೇ ದೊಡ್ಡಪ್ಪ ನನ್ನ ಬಗ್ಗೆ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ: "ನಮ್ಮ ಹುಡುಗಿ ಗಂಡಸಿನಂಗ ಮಾತಾಡ್ತಾಳ, ಎದುರಿಗಿದ್ದಾಂವ ಬೆವರಬೇಕು." ನಾನು ಶಹಾಪುರದಲ್ಲಿ ಡಿಗ್ರಿ ಓದುತ್ತಾ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಯಾದಗಿರಿಯಲ್ಲಿ ಮೂಢನಂಬಿಕೆಯ ವಿರುದ್ಧ ಮಾತನಾಡಿ ಬಹುಮಾನದ ಒಂದು ಕಪ್ಪು ತಂದಿದ್ದೆ, ಅದು ದೇವರ ಗೂಡಿನ ಪಕ್ಕದಲ್ಲಿತ್ತು. ಹುಡುಗಿ ಗಂಡಸಿನಂತೆ ಮಾತನಾಡಿದರೆ ಮನೆತನಕ್ಕೆ ಹೆಸರು. ಹುಡುಗ ಹೆಂಗಸಿನಂತೆ ಅತ್ತರೆ ಮನೆತನದ ಇಜ್ಜತ್ ಹೋಯಿತು. ಎರಡರಲ್ಲೂ ಬೆಲೆ ಯಾರಿಗೆ ಎಂದು ಆಗ ನಾನು ಯಾರನ್ನೂ ಕೇಳಲಿಲ್ಲ. ಹೊಗಳಿಕೆ ನನ್ನ ಪಾಲಿಗೆ ಬಂದಿತ್ತಲ್ಲ.

ವಿಡಿಯೋ ಎರಡು ದಿನ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಓಡಾಡಿ, ಮೂರನೆಯ ದಿನ ದೇವಾಪುರ ಮುಟ್ಟಿತು. ಐದನೆಯ ದಿನ ಹುಡುಗಿಯ ಸೋದರಮಾವ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಸಾವಿನ ಮನೆಯವರನ್ನು ಮಾತನಾಡಿಸಲು ಬಂದವರಂತೆಯೇ ಕುಳಿತರು, ಚಹಾ ಕುಡಿದರು. ಕೊನೆಗೆ ಮಾವ ಲೋಟ ಕೆಳಗಿಟ್ಟ.

"ಸಿಟ್ಟಿಗಿ ಬರಬ್ಯಾಡ್ರಿ. ನಮ್ಮ ಹುಡುಗಿ ಬಾಳೇದ ಪ್ರಶ್ನಿ ಅದ. ಹುಡುಗ ಸರಿ ಅದಾನಿಲ್ಲೋ?"

"ಸರಿ ಅಂದ್ರ?" ಅಪ್ಪ ಕೇಳಿದ.

"ಅಂದ್ರ... ಮಂದಿ ನಗಾಕತ್ಯಾರ್ರಿ. ಹೆಣ್ಣಿಗ್ಯಾ ಅನ್ನಾಕತ್ಯಾರ. ನಾಳೆ ಸಂಸಾರದಾಗ ಕಷ್ಟ ಬಂದ್ರ ಇಂವ ಅಳಕೋತ ಕುಂದರೋದು, ನಮ್ಮ ಹುಡುಗಿ ಸಮಾಧಾನ ಮಾಡೋದು?"

ಅಪ್ಪ ನೆಲ ನೋಡಿದ. ಆಗ ದೊಡ್ಡಪ್ಪನಿಗೆ ಅದೆಲ್ಲಿಂದ ಹೊಳೆಯಿತೋ, ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಹೊರಗ ಹೇಳಬಾರದಂತ ಸುಮ್ಮನಿದ್ವಿರಿ. ಅವ ಅಲ್ರಿ ಅತ್ತಾಂವ. ನಮ್ಮವ್ವ ಬಂದಿದ್ಲು ಅವನ ಮೈಯಾಗ. ಅಕಿ ಜೀವ ಮೊಮ್ಮಗನ ಮ್ಯಾಗೇ ಇತ್ತು. ದನಿ ಕೇಳ್ರಿ ಬೇಕಾದ್ರ. ಹುಡುಗಗ ಆ ಹಾಡು ಹ್ಯಾಂಗ ಬರಬೇಕು? ಕಾರ್ಖಾನ್ಯಾಗ ಕಲಸ್ತಾರೇನು?"

ಹಿರಿಯರಲ್ಲಿ ಒಬ್ಬರು ತಲೆದೂಗಿದರು. ಮಾವ ಸುಲಭಕ್ಕೆ ಒಪ್ಪುವವನಲ್ಲ. ಅವನ ಕಣ್ಣು ದೇವರ ಗೂಡಿನ ಕಡೆ ಹೋಯಿತು. ದೊಡ್ಡಪ್ಪ ಅದನ್ನೇ ಹಿಡಿದ. "ಅಕೋ, ಮೂಢನಂಬಿಕಿ ವಿರುದ್ಧ ಮಾತಾಡಿ ತಂದ ಕಪ್ಪದು. ಆಕಿ ಸುಳ್ಳ ಹೇಳಂಗಿಲ್ಲ. ಆಕಿನ್ನೇ ಕೇಳ್ರಿ."

"ಹೇಳವಾ ತಂಗಿ," ಮಾವ ನನ್ನ ಕಡೆ ತಿರುಗಿದ. "ನೀ ಕಲ್ತಾಕಿ. ಆ ಹಾಡು ನಿಮ್ಮಣ್ಣಗ ಮೊದಲ ಬರ್ತಿತ್ತೇನು?"

ಎಲ್ಲ ಭಾರವೂ ಈ ಒಂದು ಪ್ರಶ್ನೆಯ ಮೇಲೆ ಬಿದ್ದದ್ದು ನನಗೆ ತಕ್ಷಣ ಗೊತ್ತಾಯಿತು. ಹೌದು ಅಂದರೆ ಅತ್ತವನು ಅಣ್ಣ, ಮದುವೆ ಮುರಿಯುತ್ತದೆ. ಇಲ್ಲ ಅಂದರೆ ಅತ್ತವಳು ಆಯಿ, ಮದುವೆ ಉಳಿಯುತ್ತದೆ. ಅಪ್ಪನ ಮುಖ ನೋಡಿದೆ. ಅಣ್ಣ ಒಳಬಾಗಿಲಲ್ಲಿ ಎರಡನೆಯ ಸಲದ ಚಹಾ ಹಿಡಿದು ನಿಂತಿದ್ದ, ಅವನನ್ನು ನೋಡಲಿಲ್ಲ.

"ಇಲ್ರಿ," ಎಂದೆ. "ಒಂದೇ ಮನ್ಯಾಗ ಬೆಳದೀವಿ. ಅವನ ಬಾಯಾಗ ಒಂದು ಸಾಲೂ ನಾ ಕೇಳಿಲ್ಲ. ನಾ ದೆವ್ವ ಗಿವ್ವ ನಂಬಾಕಿ ಅಲ್ಲ. ಆದ್ರ ಇದಕ್ಕ ಬ್ಯಾರೆ ಕಾರಣ ನನಗೂ ಹೊಳಿಯವಲ್ದು."

ಕೊನೆಯ ಮಾತು ನನ್ನ ತರಬೇತಿಯ ಫಲ. ನಂಬದವಳು ಒಪ್ಪಿಕೊಂಡರೆ ನಂಬುವವರ ವಾದಕ್ಕೆ ಎರಡು ಪಟ್ಟು ಬಲ. ಮಾವ ಉಸಿರು ಬಿಟ್ಟು ಕುಳಿತ. ಹಿರಿಯರು ಒಂದು ಷರತ್ತು ಹಾಕಿದರು: ಮದುವೆಗೆ ಮೊದಲು ಕೊಡೇಕಲ್ಲಿನ ಗುಡಿಗೆ ಹೋಗಿ ಕಾಯಿ ಒಡೆಸಿ, ಮುದುಕಿ ಇನ್ನು ಅವನ ಮೈಮೇಲೆ ಬರಬಾರದೆಂದು ಕೈಗೆ ದಾರ ಕಟ್ಟಿಕೊಳ್ಳಬೇಕು. ಅಣ್ಣ ಚಹಾ ಕೊಟ್ಟ. ಮಾವ ಅವನ ಬೆನ್ನು ತಟ್ಟಿದ. "ಫಿಕರ್ ಮಾಡಬ್ಯಾಡೋ ತಮ್ಮಾ. ನಿಂದೇನೂ ತಪ್ಪಿಲ್ಲ ಬಿಡು."

ಕೊಡೇಕಲ್ಲಿಗೆ ಅಣ್ಣನ ಜೊತೆ ಹೋದವಳು ನಾನೇ. ಅಲ್ಲಿ ಕಾಯಿ ಒಡೆಸಿದ, ದಾರ ಕಟ್ಟಿಕೊಂಡ, ಹೇಳಿದಂತೆ ಮಾಡಿದ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವನು, ಅರ್ಧ ದಾರಿಯಲ್ಲಿ ಒಂದೇ ಮಾತು ಆಡಿದ: "ಭಾಳ ಬರೋಬರಿ ಮಾತಾಡಿದಿ ಅವತ್ತು. ಇನ್ನೊಂದು ಕಪ್ಪು ಕೊಡಬೇಕಿತ್ತು ನಿನಗ."

ನನ್ನ ಬಳಿ ಉತ್ತರವಿತ್ತು. ನಿನ್ನ ಮದುವೆಗಾಗಿಯೇ ಹೇಳಿದ್ದು, ನೀನೂ ಅಲ್ಲೇ ಇದ್ದೆ, ಬೇಡವಾಗಿದ್ದರೆ ಬಾಯಿ ಬಿಡಬೇಕಿತ್ತು. ಮೂರೂ ಸರಿಯಾದ ಅಂಶಗಳೇ. ಕೈಯಲ್ಲಿದ್ದ ಬಸ್ಸಿನ ಟಿಕೆಟ್ಟನ್ನು ಮಡಚಿ ಚೀಲಕ್ಕೆ ಹಾಕಿದೆ.

ಮದುವೆ ಆಯಿತು. ಅತ್ತಿಗೆ ಮನೆಗೆ ಬಂದಳು, ನನಗಿಂತ ಒಂದು ವರ್ಷ ದೊಡ್ಡವಳು, ಮಾತು ಕಡಿಮೆ. ಅಣ್ಣ ವಾರ ವಾರ ಕಡೇಚೂರಿನಿಂದ ಬರುತ್ತಿದ್ದ. ಉಣ್ಣೆ ಕತ್ತರಿಸುವ ಕಾಲ ಬಂತು, ಅಣ್ಣ ಕತ್ತರಿಸಿದ. ಗುನುಗಲಿಲ್ಲ. ಬರೀ ಕತ್ತರಿಯ ಸದ್ದು. ಅಪ್ಪ ಎರಡು ಸಲ ತಲೆಯೆತ್ತಿ ನೋಡಿದ, ಆಮೇಲೆ ರೇಡಿಯೋ ಹಚ್ಚಿದ.

ಒಂದು ಸುಳ್ಳು ಒಂದು ಕೆಲಸ ಮಾಡಿ ಸುಮ್ಮನಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆರೇಳು ತಿಂಗಳ ನಂತರ ಎದುರು ಮನೆಯ ಮುದುಕಿ ತೀರಿಕೊಂಡಳು. ಅವತ್ತು ಭಾನುವಾರ, ಅಣ್ಣ ಮನೆಯಲ್ಲೇ ಇದ್ದ. ಮುದುಕಿಯ ಮಗಳು ಕಣ್ಣು ಒರೆಸಿಕೊಳ್ಳುತ್ತಾ ನಮ್ಮ ಬಾಗಿಲಿಗೆ ಬಂದು ಅವ್ವನ ಕೈ ಹಿಡಿದಳು.

"ಯಕ್ಕಾ, ನಮ್ಮವ್ವಗ ಹಾಡಾಕ ಯಾರೂ ಇಲ್ಲ. ನಿಮ್ಮ ಹುಡುಗಗ ಆಯಿ ಬರ್ತಾಳಲ್ಲ, ಜರಾ ಕಳಿಸಿಕೊಡ್ರಿ. ಅವರಿಬ್ಬರೂ ಭಾಳ ಗೆಳತ್ಯಾರು. ಆಯಿ ಇಲ್ಲನ್ನಂಗಿಲ್ಲ."

ಅವ್ವ ನನ್ನನ್ನು ನೋಡಿದಳು. ನಾನು ಅಣ್ಣನನ್ನು ನೋಡಿದೆ. ಅವನು ಚಪ್ಪಲಿ ಮೆಟ್ಟಿದ. ಅವನಿಗೆ ಹೋಗುವ ಮನಸ್ಸಿತ್ತು, ಅದು ನನಗೆ ಕಾಣಿಸಿತು. ಆ ಮುದುಕಿ ಅವನ ಭುಜ ಹಿಡಿದು ಅತ್ತವಳು.

ಅಲ್ಲಿ ಅವನಿಗಾಗಿ ಬೇರೆಯೇ ಜಾಗ ಮಾಡಿದ್ದರು. ಕಂಬಳಿ ಹಾಸಿ, ಲೋಬಾನ ಹಾಕಿ, ಬೇವಿನ ಎಲೆ ಇಟ್ಟಿದ್ದರು. ಅವನನ್ನು ರಟ್ಟೆ ಹಿಡಿದು ಎಬ್ಬಿಸಿದ್ದ ದೊಡ್ಡಪ್ಪ ಈಗ ಬಾಗಿಲಲ್ಲಿ ನಿಂತು ಗಂಡಸರನ್ನು ಸರಿಸುತ್ತಿದ್ದ: "ಜಾಗ ಬಿಡ್ರೋ, ಆಯಿ ಬರ್ತಾಳ. ಯಾರೂ ನಗಬ್ಯಾಡ್ರಿ." ಯಾರೂ ನಗಲಿಲ್ಲ. ಇಬ್ಬರು ಕೈ ಕೂಡ ಮುಗಿದರು. ಒಬ್ಬ ಹೆಂಗಸು ಅಣ್ಣನ ಪಾದ ಮುಟ್ಟಿ, "ಬಾರವ್ವಾ, ಬಾ" ಎಂದು ಕರೆದಳು.

ಅಣ್ಣ ಕುಳಿತ. ಲೋಬಾನದ ಹೊಗೆಯಲ್ಲಿ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನ ತುಟಿ ಒಮ್ಮೆ ಅಲುಗಾಡಿತು. ಹಾಡು ಅಲ್ಲೇ ಇತ್ತು, ಅದರ ಮೇಲೆ ನಾನು ಪ್ರಮಾಣ ಮಾಡಬಲ್ಲೆ. ಆಮೇಲೆ ಅವನು ಎದ್ದುಬಿಟ್ಟ.

"ಬರಂಗಿಲ್ಲ," ಎಂದ. "ಆಯಿ ಬರಂಗಿಲ್ಲ."

"ದಾರ ಬಿಚ್ಚಬೇಕಿತ್ತು," ಯಾರೋ ಹಿಂದಿನಿಂದ ಅಂದರು. "ದಾರ ತಡೀತದ." ಅದಕ್ಕೂ ಎಲ್ಲರೂ ತಲೆದೂಗಿದರು. ಆ ದಾರವನ್ನು ಕಟ್ಟಿಸಿದ್ದು ನನ್ನ ಮಾತು ಎಂದು ಅಲ್ಲಿ ಗೊತ್ತಿದ್ದದ್ದು ನಮ್ಮ ಮನೆಯವರಿಗಷ್ಟೇ. ಅಣ್ಣ ಅವತ್ತು ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೇ ಕಡೇಚೂರಿಗೆ ಹೊರಟುಬಿಟ್ಟ. ಮುಂದಿನ ವಾರ ಬರಲಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾನೆ, ಓವರ್‌ಟೈಮ್ ಅನ್ನುತ್ತಾನೆ. ಬಂದರೆ ಕುರಿಗಳನ್ನು ನೋಡುತ್ತಾನೆ, ಮೊಬೈಲ್ ನೋಡುತ್ತಾನೆ, ಹೋಗುತ್ತಾನೆ. ಹೆಂಡತಿಯ ಜೊತೆ ಜಗಳವಿಲ್ಲ, ಮಾತೂ ಇಲ್ಲ.

ದೊಡ್ಡಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. "ಈಗ ನೋಡು, ಗಂಡಸಾಗ್ಯಾನ" ಅನ್ನುತ್ತಾನೆ.

ಹೋದ ತಿಂಗಳು ನಾನು ಅತ್ತಿಗೆಯ ಮುಂದೆ ಒಪ್ಪಿಕೊಂಡೆ. ಅವಳು ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹಿಟ್ಟು ನಾದಿ ಕೊಡುತ್ತಾ, ಪೀಠಿಕೆಯಿಲ್ಲದೆ ಹೇಳಿದೆ: ಅವತ್ತು ನಿಮ್ಮ ಸೋದರಮಾವನಿಗೆ ನಾನು ಹೇಳಿದ್ದು ಸುಳ್ಳು. ಹಾಡು ಅವನಿಗೆ ಸಣ್ಣವನಿದ್ದಾಗಿನಿಂದ ಬರುತ್ತಿತ್ತು. ಅತ್ತವನು ಅವನೇ. ಬೈದರೆ ಬೈಯಿಸಿಕೊಳ್ಳಲು ಸಿದ್ಧಳಾಗಿದ್ದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತದ," ಎಂದಳು.

"ಅಣ್ಣ ಹೇಳಿದ್ನೇನು?"

"ಅವರೇನು ಹೇಳ್ತಾರ." ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನಮ್ಮ ಮಾವ ಎಲ್ಲರಿಗೂ ವಿಡಿಯೋ ತೋರಿಸಿ ನಗಾಕತ್ತಿದ್ದ. ಆಮ್ಯಾಲ ನಾ ಒಬ್ಬಾಕಿನೇ ನೋಡಿದೆ, ಎಷ್ಟು ಸಲ ಅಂತ ಕೇಳಬ್ಯಾಡ. ಹಾಡೋದು ಬಿಟ್ಟು ನಡುವ ಟವೆಲಿನಾಗ ಮೂಗು ಒರೆಸ್ಕೋತಾರ. ಬಾಜೂಕಿನ ಮುದುಕಿ ಕಾಲ ಮ್ಯಾಲ ತಮ್ಮ ಮಂಡಿ ಬಂದಿತ್ತಂತ ಜರಾ ಸರದು ಕುಂದರ್ತಾರ. ದೆವ್ವ ಮೂಗು ಒರೆಸ್ಕೊಂತದೇನು?"

ನಾನು ಆ ವಿಡಿಯೋ ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಸಾಕ್ಷಿಯನ್ನು ನೋಡದೆ ವಾದ ಮಾಡಿದವಳು ನಾನು, ನೋಡಿ ಸುಮ್ಮನಿದ್ದವಳು ಅವಳು.

"ಗೊತ್ತಿದ್ದೂ ಮದುವಿ ಆದಿಯಾ?"

"ಗೊತ್ತಿತ್ತಂತನೇ ಆದೆ." ಈಗ ಮೊದಲ ಸಲ ನನ್ನ ಮುಖ ನೋಡಿದಳು. "ನಮ್ಮವ್ವ ಹೋದಾಗ ನಮ್ಮಪ್ಪ ಹೊರಗ ಕುಂತು ಬೀಡಿ ಸೇದಿದ. ಹನ್ನೊಂದು ವರ್ಷದಾಕಿ ನಾ, ಅವ್ವ ಹೋಗಿದ್ದು ಅಪ್ಪಗ ನಟ್ಟೇ ಇಲ್ಲೇನೋ ಅಂದ್ಕೊಂಡೆ. ನಿಮ್ಮಣ್ಣ ಹಂಗಲ್ಲ ಅನಿಸ್ತು."

"ಮತ್ತ ಅವತ್ತು ನಿಮ್ಮ ಮಾವಗ ಹೇಳಬೇಕಿತ್ತಲ್ಲ ವೈನಿ, ನನಗ ನಡೀತದ ಅಂತ?"

"ಯಾರು ಕೇಳಿದ್ರು ನನ್ನ? ಮಾವ ಇಲ್ಲೀತನ ಬಂದು ನಿನ್ನ ಕೇಳ್ದ. ನೀ ನನಗೊಂದು ಫೋನ್ ಹಚ್ಚಿ ಕೇಳ್ದೇನು?"

ಇಲ್ಲ. ಹೊಳೆದೇ ಇರಲಿಲ್ಲ. ಹುಡುಗಿಯ ಮನೆಯವರು ಒಪ್ಪಿದರೆ ಹುಡುಗಿ ಒಪ್ಪಿದಂತೆ ಎಂದು ನಾನೂ ಅಂದುಕೊಂಡಿದ್ದೆ. ಕಾಲೇಜಿನ ವೇದಿಕೆಯ ಮೇಲೆ ಇದರ ವಿರುದ್ಧ ನಾನು ಹತ್ತು ನಿಮಿಷ ಮಾತನಾಡಬಲ್ಲೆ.

ಅವಳು ರೊಟ್ಟಿ ತಿರುವಿದಳು. ದನಿ ಇನ್ನೂ ಸಣ್ಣದಾಯಿತು. "ಮದುವ್ಯಾದ ಹೊಸ್ತಾಗ ದಾರ ಹಿಡದು ಕೇಳಿದ್ದೆ, ಇದು ಯಾಕಂತ. ಆಯಿ ಬರಬಾರದಂತ, ಅಂದ್ರು. ನನ್ನ ಮುಖ ನೋಡಿ ಅಂದ್ರು. ತಾವೇ ಹಂಗಂದ ಮ್ಯಾಲ ನಾ ಏನನ್ಲಿ? ನೀವು ಅತ್ತಿದ್ದು ನಾ ನೋಡೀನಿ ಅಂತ ಯಾ ಹೆಂಡ್ತಿ ಅಂತಾಳ? ನನ್ನ ಮುಂದಾದ್ರೂ ಗಟ್ಟಿ ಅದೀನಂತ ತಿಳ್ಕೊಂಡಾರ. ಅದನ್ನೂ ಕಸ್ಕೊಳ್ಲೇನು?"

"ಅವ ನಿನಗ ಮೋಸ ಮಾಡಿ ಮದುವಿ ಆಗೀನಂತ ತಿಳ್ಕೊಂಡಾನ ವೈನಿ," ನಾನು ಅಂದೆ. "ಅದಕ್ಕೇ ಮನಿಗೆ ಬರವಲ್ಲ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಬದಿಯಲ್ಲಿ ಹತ್ತತೊಡಗಿತ್ತು. ಅವಳು ತೆಗೆಯಲಿಲ್ಲ. ಶನಿವಾರ ಅಣ್ಣ ಬರುವವನಿದ್ದ. ನಾನೇ ಹೇಳಿದರೆ ಅದು ಮತ್ತೆ ನನ್ನ ವಾದವಾಗುತ್ತದೆ, ಅವನು ಕಪ್ಪಿನ ಮಾತು ಎತ್ತುತ್ತಾನೆ. ಅವಳೇ ಹೇಳಬೇಕು. ಹೇಳು ಎಂದು ಹೇಳುವ ಹಕ್ಕು ನನಗಿರಲಿಲ್ಲ, ಕೇಳಬಹುದಿತ್ತು ಅಷ್ಟೇ.

"ಈ ಸಲ ಅಣ್ಣ ಬಂದಾಗ ಹೇಳ್ತೀಯೇನು ವೈನಿ, ನಿನಗ ಮೊದಲಿಂದನೂ ಗೊತ್ತಿತ್ತಂತ?"